ಕೇದಗೆ ನೀರಿನ ನಿಶ್ಚಿತಾರ್ಥ

ನಿಶ್ಚಿತಾರ್ಥಕ್ಕೆ ಮಗಳು ನನಗೆ ಹಾಕಿದ ಷರತ್ತು ಒಂದೇ: ಬಂದವರಿಗೆ ಪನ್ನೀರು ಚಿಮುಕಿಸಬಾರದು. ಹುಡುಗನ ಮನೆಯವರು ಫರೀದಾಬಾದಿನ ಹಿಂದಿಯವರು. ಬಾಗಿಲಲ್ಲೇ ಮೈಮೇಲೆ ನೀರು ಬಿದ್ದರೆ ಏನೆಂದುಕೊಂಡಾರು ಎಂಬುದು ಅವಳ ಆತಂಕ. "ಅಮ್ಮ, ಪ್ಲೀಸ್. ಸಬ್ ಲೋಗ್ ಪರ್ಫ್ಯೂಮ್ ಹಾಕ್ಕೊಂಡೇ ಬರ್ತಾರೆ" ಎಂದಳು. ನಾನು ಹೂಂ ಅಂದೆ. ಹೂಂ ಅನ್ನುವುದಕ್ಕೆ ಏನು ಖರ್ಚು? ಒಳಗೊಳಗೇ ಮಾತ್ರ ಉರಿದುಹೋಯಿತು.

ಪರಿಮಳದ ವಿಷಯದಲ್ಲಿ ನನಗೆ ಪಾಠ ಹೇಳಲು ಬರುತ್ತಾಳೆ! ನನ್ನ ಅಮ್ಮ ಕೇದಗೆಯ ಗರಿಗಳನ್ನು ಜಡೆಗೆ ಹೆಣೆದುಕೊಂಡು, ಉಳಿದದ್ದನ್ನು ರೇಷ್ಮೆ ಸೀರೆಗಳ ಮಡಿಕೆಯಲ್ಲಿ ಇಡುತ್ತಿದ್ದಳು. ಅಪ್ಪ ಮದುವೆಮನೆಗೆ ಹೊರಟರೆ ಕಿವಿಯಲ್ಲಿ ಅತ್ತರಿನ ಹತ್ತಿ. ನಾನು ಮದುವೆಯಾಗಿ ದಿಲ್ಲಿಯ ಸರ್ಕಾರಿ ಕ್ವಾರ್ಟರ್ಸಿಗೆ ಬಂದಾಗ ಫಾರಿನ್ ಸೆಂಟಿನ ಕಾಲ. ಯಾರೋ ದುಬೈಯಿಂದ ತಂದುಕೊಟ್ಟ ಬಾಟಲಿಯನ್ನು ಯಜಮಾನರು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಉಳಿಸಿ ಉಳಿಸಿ ಅದು ವಾರ್ನಿಷ್ ವಾಸನೆ ಹೊಡೆಯತೊಡಗಿತು. ಆದರೂ ಫಾರಿನ್ನು ಎಂಬ ಮರ್ಯಾದೆಗೆ ಇನ್ನೂ ಕೆಲವು ಮದುವೆಗಳಿಗೆ ಅದನ್ನೇ ಸೆರಗಿಗೆ ಹಾಕಿಕೊಂಡೆವು. ಆಮೇಲೆ ಘಾಜಿಯಾಬಾದಿನ ಫ್ಲ್ಯಾಟಿಗೆ ಬಂದೆವು, ಡಿಯೋ ಕಾಲವೂ ಬಂತು. ಕಾಲೇಜು ಹುಡುಗರು ಲಿಫ್ಟಿನಿಂದ ಇಳಿದು ಹೋದ ಮೇಲೂ ಅವರ ಡಿಯೋ ನಮ್ಮ ಮಹಡಿಯವರೆಗೆ ಜೊತೆಗೆ ಬರುತ್ತಿತ್ತು.

ಈಗ ಮಗಳ ಕಾಲ. ಅವಳ ಮೇಜಿನ ತುಂಬ ಬೆರಳುದ್ದದ ಶೀಷೆಗಳು. ಆಫೀಸಿಗೆ ಒಂದು, ಪಾರ್ಟಿಗೆ ಒಂದು, ಸುಮ್ಮನೆ ಮಲಗುವುದಕ್ಕೂ ಒಂದು. ಒಂದರ ಮೇಲೊಂದು ಹಚ್ಚಿಕೊಂಡು ಅದನ್ನು ಲೇಯರಿಂಗ್ ಅನ್ನುತ್ತಾಳೆ. ಒಂದಕ್ಕಂತೂ ಸುಟ್ಟ ಕಟ್ಟಿಗೆಯ ವಾಸನೆ. ನಮ್ಮಜ್ಜಿ ಜೀವಮಾನವೆಲ್ಲ ಒಲೆಯ ಮುಂದೆ ಕೂತು ಪುಕ್ಕಟೆ ಹಚ್ಚಿಕೊಂಡ ಸೆಂಟು ಅದು! ಹೀಗೆ ನಗುತ್ತಿದ್ದರೂ ಒಂದು ಅನುಮಾನ ನನ್ನನ್ನು ಕೊರೆಯುತ್ತಿತ್ತು. ಆ ಹೊಸಬರ ಮುಂದೆ ಅವಳಿಗೆ ನಾಚಿಕೆಯಾಗುತ್ತಿರುವುದು ಪನ್ನೀರಿನಿಂದಲೋ, ನನ್ನಿಂದಲೋ? ಕೇಳುವ ಧೈರ್ಯ ಬರಲಿಲ್ಲ.

ಹಿಂದಿನ ದಿನ ಸಾಮಾನು ತರಲು ಹೋದಾಗ ಅಂಗಡಿಯ ಶೆಲ್ಫಿನಲ್ಲಿ ಒಂದು ಬಾಟಲಿ ಕಂಡಿತು. ಅದರ ಮೇಲೆ ಕೇದಗೆಯ ಚಿತ್ರ! ಅಮ್ಮನ ಜಡೆ ಕಣ್ಣಮುಂದೆ ಬಂತು. ಗುಲಾಬಿ ನೀರನ್ನು ಯಾರು ಬೇಕಾದರೂ ಚಿಮುಕಿಸಿಯಾರು, ಕೇದಗೆ ನೀರು ಯಾರ ಮನೆಯಲ್ಲಿದೆ? ಷರತ್ತು ಅಲ್ಲೇ ಮರೆತುಹೋಯಿತು. ಎಷ್ಟು ಜನರಿಗೆ ಎಂದು ಅಂಗಡಿಯ ಭಯ್ಯಾ ಕೇಳಿದ. ಅರವತ್ತು ಎಂದೆ. ಎರಡು ಮುಚ್ಚಳ ಸಾಕು, ಜಾಸ್ತಿಯಾದರೆ ಕೆಡುತ್ತದೆ ಎಂದ. ಅರವತ್ತು ಜನಕ್ಕೆ ಎರಡು ಮುಚ್ಚಳವೇ, ಎಂಥ ಜಿಪುಣ ಎಂದುಕೊಂಡು, ಮರುದಿನ ಇಡೀ ಬಾಟಲಿಯನ್ನು ಬೆಳ್ಳಿಯ ಪನ್ನೀರುದಾನಿಗೆ ಸುರಿದೆ.

ಮಗಳು ಮೇಲೆ ಅಲಂಕಾರ ಮಾಡಿಸಿಕೊಳ್ಳುತ್ತಿದ್ದಳು. ನಾನು ನಮ್ಮ ಫ್ಲ್ಯಾಟುಗಳ ಸಭಾಂಗಣದ ಬಾಗಿಲಲ್ಲಿ ನಿಂತು ಧಾರಾಳವಾಗಿ ಚಿಮುಕಿಸಿದೆ. ಫರೀದಾಬಾದಿನವರು ಕೈಮುಗಿದರು, ಮೂಗು ಅರಳಿಸಿದರು, ಆಮೇಲೆ ಒಬ್ಬೊಬ್ಬರೇ ಊಟದ ಮೇಜಿನತ್ತ ನಡೆದು ಪಾತ್ರೆಗಳ ಮುಚ್ಚಳ ಎತ್ತಿ ನೋಡತೊಡಗಿದರು. ಕೊನೆಗೆ ಹುಡುಗನ ತಾಯಿ ನನ್ನ ಕೈ ಹಿಡಿದು, ಊಟ ಶುದ್ಧ ಸಸ್ಯಾಹಾರ ಎಂದಿದ್ದಿರಿ, ಬಿರಿಯಾನಿಯನ್ನು ಎಲ್ಲಿ ಇಟ್ಟಿದ್ದೀರಿ ಎಂದು ಹಿಂದಿಯಲ್ಲಿ ಮೆಲ್ಲಗೆ ಕೇಳಿದರು. ಇಲ್ಲಿಯ ಜನ ಕೇದಗೆ ನೀರನ್ನು ಬಿರಿಯಾನಿಗೆ ಹಾಕುತ್ತಾರೆಂದು ಅವರಿಂದಲೇ ಗೊತ್ತಾದದ್ದು. ಅರ್ಧ ಆಯಸ್ಸು ದಿಲ್ಲಿಯಲ್ಲಿ ಕಳೆದರೂ ಈರುಳ್ಳಿಯನ್ನೇ ಯೋಚಿಸಿ ಹೆಚ್ಚುವ ಮನೆ ನಮ್ಮದು, ತಿಳಿಯುವುದಾದರೂ ಹೇಗೆ? ಸಭಾಂಗಣವಿಡೀ ಗೊಳ್ಳೆಂದು ನಕ್ಕಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಮಗಳು ಬಂದಳು. ಬಾಗಿಲಲ್ಲೇ ನಿಂತು ಒಮ್ಮೆ ಉಸಿರೆಳೆದಳು. ಆ ಮೂಗಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಪನ್ನೀರುದಾನಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅವಳು ನೇರ ನನ್ನ ಹತ್ತಿರ ಬಂದು ಸೆರಗು ಸರಿಸಿದಳು. ಕಸಿದುಕೊಂಡು ಒಳಗಿಡುತ್ತಾಳೆ ಎಂದುಕೊಂಡೆ. ಅವಳು ತಲೆ ಬಗ್ಗಿಸಿದಳು.

"ಎಲ್ಲರಿಗೂ ಹಾಕಿದೀಯ, ನನಗೆ ಮಾತ್ರ ಯಾಕೆ ಹಾಕಿಲ್ಲ ಅಮ್ಮ?" ಎಂದಳು. ಎಲ್ಲರಿಗೂ ಕೇಳುವಂತೆ, ಒಂದೂ ಹಿಂದಿ ಪದವಿಲ್ಲದೆ.

ನಾನು ಆತುರದಲ್ಲಿ ಜೋರಾಗಿ ಕೊಡವಿದೆ, ನೀರು ಅವಳ ಲೆಹೆಂಗಾದ ಮೇಲೂ ಬಿತ್ತು. ಅವಳು ತಲೆ ಎತ್ತಲಿಲ್ಲ. "ಇನ್ನೂ ಸ್ವಲ್ಪ ಹಾಕು" ಎಂದಳು.