ಹುಳ ಹಣ್ಣಾಗುವ ವಾರ

ಮಕ್ಕಳು ಸಾಲಾಗಿ ನಿಂತು ಬೆರಳು ಚುಚ್ಚಿಸಿಕೊಳ್ಳುತ್ತಿದ್ದರು ಎಂದು ನನ್ನ ನೆನಪು. ಅದು ಸುಳ್ಳು. ನಮ್ಮ ಶಾಲೆಯಲ್ಲಿ ಸಾಲು ಎನ್ನುವುದು ಪ್ರಾರ್ಥನೆ ಮುಗಿಯುವ ಮೊದಲೇ ಕರಗಿಹೋಗುತ್ತದೆ. ಆದರೂ ಕಣ್ಣು ಮುಚ್ಚಿದರೆ ಸಾಲೇ ಕಾಣುತ್ತದೆ, ಯಾರೋ ನನ್ನ ತಲೆಯೊಳಗೆ ಬಂದು ಎಲ್ಲರನ್ನೂ ಎತ್ತರದ ಪ್ರಕಾರ ನಿಲ್ಲಿಸಿ ಹೋದ ಹಾಗೆ. ಅದಕ್ಕೇ ಈ ಪ್ರಸಂಗವನ್ನು ಬರೆಯುವಾಗ ಕೈ ತಡವರಿಸುತ್ತದೆ. ಎಲ್ಲಿ ಚಿತ್ರ ತೀರಾ ಅಚ್ಚುಕಟ್ಟಾಗಿದೆಯೋ ಅಲ್ಲಿ ನಾನು ಏನನ್ನೋ ಸೇರಿಸಿದ್ದೇನೆ ಎಂದು ಓದುವವರು ತಿಳಿಯಬಹುದು.

ಇದಿಷ್ಟು ಖಚಿತ. ಸಾತನೂರಿನ ಆಚೆ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಹದಿಹರೆಯದ ಮಕ್ಕಳ ಆರೋಗ್ಯ ಮತ್ತು ನೆಮ್ಮದಿಯ ಬಗ್ಗೆ ಸಂಶೋಧನೆ ಮಾಡುವ ಒಂದು ತಂಡ ಬೆಂಗಳೂರಿನಿಂದ ಬಂದಿತ್ತು. ಆಯ್ದುಕೊಂಡ ಕೆಲವು ಶಾಲೆಗಳಲ್ಲಿ ನಮ್ಮದೂ ಒಂದು. ಅಪ್ಪ ಅಮ್ಮಂದಿರ ಒಪ್ಪಿಗೆ ಮೊದಲೇ ಆಗಿತ್ತು. ಎತ್ತರ, ತೂಕ, ಬೆರಳ ತುದಿಯಿಂದ ಒಂದು ಹನಿ ರಕ್ತ. ಆಮೇಲೆ ಪ್ರಯೋಗಾಲಯದ ಕೋಣೆಯಲ್ಲಿ ಒಬ್ಬೊಬ್ಬರೇ ಕೂತು ಟ್ಯಾಬಿನಲ್ಲಿ ಉತ್ತರ ಒತ್ತಬೇಕು. ನಿದ್ದೆ ಚೆನ್ನಾಗಿ ಬರುತ್ತದೆಯೇ? ಸುಮ್ಮಸುಮ್ಮನೆ ಅಳು ಬರುತ್ತದೆಯೇ? ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀಯಾ? ಶಿಕ್ಷಕರು ಆ ಕೋಣೆಗೆ ಕಾಲಿಡುವಂತಿರಲಿಲ್ಲ. ಮಕ್ಕಳಿಗೆ ಅದೇ ಒಂದು ಖುಷಿ.

ಒಂಬತ್ತನೇ ತರಗತಿಯ ಆ ಹುಡುಗಿಯನ್ನು ತಂಡದ ಡಾಕ್ಟರಮ್ಮನೇ ಕೈಹಿಡಿದು ಹೊರಗೆ ಕರೆತಂದು ಜಗಲಿಯ ಮೇಲೆ ಕೂರಿಸಿದರು. ನಮ್ಮ ಖೋಖೋ ತಂಡದಲ್ಲಿ ಅವಳಷ್ಟು ಚುರುಕಾಗಿ ತಿರುಗುವವರು ಬೇರೆ ಇರಲಿಲ್ಲ. ಅಂದು ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಬೆರಳಿಗೆ ಹತ್ತಿ ಒತ್ತಿಕೊಂಡು ನಗುತ್ತಲೇ ಇದ್ದಳು.

"ಇವಳಿಗೆ ರಕ್ತ ತುಂಬಾ ಕಡಿಮೆ ಇದೆ ಮೇಡಂ. ಸದ್ಯಕ್ಕೆ ಆಟ ಬೇಡ. ತಿನ್ನೋಕೆ ಏನಾದ್ರೂ ಇದೆಯಾ?" ಎಂದು ಡಾಕ್ಟರಮ್ಮ ನನ್ನನ್ನು ಕೇಳಿದರು. ನಾನು ಅಡುಗೆಮನೆಯಿಂದ ಕಡಲೆಬೀಜದ ಚಿಕ್ಕಿ ತಂದುಕೊಟ್ಟೆ. ಅವಳ ಗೆಳತಿ ಅರ್ಧ ಮುರಿದುಕೊಂಡು ಪಕ್ಕದಲ್ಲೇ ಕೂತಳು.

ಡಾಕ್ಟರಮ್ಮ ದನಿ ತಗ್ಗಿಸಿ, "ಹೋದ ತಿಂಗಳು ಮುಟ್ಟು ಯಾವಾಗ ಆಯ್ತಮ್ಮ?" ಎಂದರು.

"ತಿಂಗ್ಳೆಲ್ಲ ಗೊತ್ತಾಗಲ್ಲ ಡಾಕ್ಟ್ರೇ. ಹುಳ ಚಂದ್ರಿಕೆಗೆ ಬುಟ್ಟ ಮೇಲೆ ಆಯ್ತದೆ."

ಡಾಕ್ಟರಮ್ಮ ನನ್ನ ಮುಖ ನೋಡಿದರು. ರೇಷ್ಮೆ ಹುಳ ಹಣ್ಣಾದ ಮೇಲೆ, ಅಂದರೆ ಮೇವು ಬಿಟ್ಟು ಗೂಡು ಕಟ್ಟಲು ತಯಾರಾದ ಮೇಲೆ, ಅದನ್ನು ಬಿಡುವ ಬಿದಿರಿನ ತಟ್ಟೆಯೇ ಚಂದ್ರಿಕೆ ಎಂದು ವಿವರಿಸಿದೆ. ಸುತ್ತಿನ ಊರುಗಳಲ್ಲಿ ಮನೆಮನೆಗೂ ಹುಳ ಇದೆ. ನನಗೂ ಆ ಉತ್ತರ ವಿಚಿತ್ರವೆನಿಸಿತು.

"ಹುಳಕ್ಕೂ ನಿನಗೂ ಏನಮ್ಮ ಸಂಬಂಧ?"

ಉತ್ತರ ಗೆಳತಿಯಿಂದ ಬಂತು. "ಹುಳ ಹಣ್ಣಾಗಗಂಟ ಇವ್ಳು ಆಗಂಗಿಲ್ಲ ಡಾಕ್ಟ್ರೇ. ಮಾತ್ರೆ ನುಂಗ್ತಾಳೆ."

"ನೀನು ನುಂಗಲ್ವೇನೇ? ದೊಡ್ಡದಾಗಿ ಹೇಳಕ್ ಬಂದ್ಬುಟ್ಳು."

"ನಾವು ಈಗ ಹುಳ ಬುಟ್ಟು ಹಸು ಕಟ್ಟಿಲ್ವಾ? ಹಸ ಯಾರ್ನೂ ಏನೂ ಕೇಳಲ್ಲ ಕಣೇ. ಹುಲ್ಲಾಕುದ್ರೆ ಆಯ್ತು."

ಇಬ್ಬರೂ ಭುಜಕ್ಕೆ ಭುಜ ತಾಗಿಸಿಕೊಂಡು ನಕ್ಕರು. ಸುತ್ತ ಇದ್ದ ಹುಡುಗಿಯರೂ ನಕ್ಕರು.

"ಯಾವ ಮಾತ್ರೆ?" ಡಾಕ್ಟರಮ್ಮನ ದನಿಯಲ್ಲಿ ನಗುವಿರಲಿಲ್ಲ.

"ಮುಂದಕ್ ಹಾಕೋ ಮಾತ್ರೆ."

ಮುಟ್ಟಾದ ಹೆಂಗಸರು ಹುಳದ ಮನೆಗೆ ಹೋಗಬಾರದು, ಹೋದರೆ ಬೆಳೆ ಕೆಡುತ್ತದೆ ಎಂಬ ಕಟ್ಟಳೆ ನನಗೆ ಗೊತ್ತಿತ್ತು. ಹಬ್ಬಕ್ಕೆ, ಮದುವೆಗೆ ಹೆಂಗಸರು ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ನುಂಗಿ ದಿನ ಮುಂದೂಡುವುದೂ ಗೊತ್ತಿತ್ತು. ಇವೆರಡೂ ಬಂದು ಒಂಬತ್ತನೇ ತರಗತಿಯ ಹುಡುಗಿಯ ಮೈಯಲ್ಲಿ ಸೇರುತ್ತವೆ ಎಂದು ಹೊಳೆದೇ ಇರಲಿಲ್ಲ. ಹಬ್ಬ ವರ್ಷಕ್ಕೊಮ್ಮೆ ಬರುತ್ತದೆ. ಹುಳದ ಬೆಳೆ ಒಂದು ಮುಗಿದರೆ ಇನ್ನೊಂದು.

"ಒಳಗೆ ಕೇಳಿದ್ರಲ್ಲ ಮಿಸ್, ಮಾತ್ರೆ ತಗೋತೀಯಾ ಅಂತ. ನಾನು ಇಲ್ಲ ಅಂತ ಒತ್ತುದೆ" ಎಂದಳು ಹುಡುಗಿ, ತಾನಾಗಿಯೇ.

"ಯಾಕೆ?"

"ಮಾತ್ರೆ ಅಂದ್ರೆ ಕಾಯ್ಲೆ ಬಂದಾಗ ತಗೊಳೋದಲ್ವಾ? ಇದು ಹುಳದ್ ಮನೆ ಸಾಮಾನು. ಸುಣ್ಣದ್ ಪುಡಿ ಜೊತೇಲಿ ಕಿಟಕೀಲಿ ಇಟ್ಟಿರ್ತೀವಿ."

ಅವಳು ಸುಳ್ಳು ಹೇಳಿರಲಿಲ್ಲ. ಆ ಮಾತ್ರೆ ಅವಳ ಮೈಗೆ ಸಂಬಂಧಿಸಿದ್ದು ಎಂದೇ ಅವಳಿಗೆ ಅನಿಸಿರಲಿಲ್ಲ.

"ಇನ್ನೂ ಯಾರು ಯಾರು?" ಎಂದು ಕೇಳಿದೆ. ನನ್ನ ನೆನಪಿನಲ್ಲಿ ಜಗಲಿಯ ತುಂಬ ಹತ್ತಿ ಕಚ್ಚಿದ ಬೆರಳುಗಳ ಕೈಗಳು ಮೇಲೇಳುತ್ತವೆ. ನಿಜವಾಗಿ ಒಂದು ಕೈಯೂ ಏಳಲಿಲ್ಲ. ಮನೆಗೆಲಸ ಮಾಡದೆ ಬಂದವರು ಯಾರು ಎಂದಾಗ ಒಬ್ಬರ ಮುಖ ಒಬ್ಬರು ನೋಡುತ್ತಾರಲ್ಲ, ಹಾಗೆ ನೋಡಿಕೊಂಡರು. ಡಾಕ್ಟರಮ್ಮ ಕೈಯಲ್ಲಿದ್ದ ಹತ್ತಿಯ ಉಂಡೆಯನ್ನು ಎಳೆಎಳೆಯಾಗಿ ಬಿಡಿಸುತ್ತಿದ್ದರು.

"ಮಾತ್ರೆ ನಿಲ್ಲಿಸಿದ ಮೇಲೆ ಹೇಗೆ ಆಗುತ್ತೆ?" ಎಂದರು.

"ಸುರಿತದೆ ಡಾಕ್ಟ್ರೇ. ಬೆಂಚಿಂದ ಏಳಕ್ಕಾಗಲ್ಲ."

ಅವಳ ಅಮ್ಮನಿಗೆ ಹೇಳಿಕಳಿಸಬಹುದೇ ಎಂದು ಡಾಕ್ಟರಮ್ಮ ಅವಳನ್ನೇ ಕೇಳಿದರು. "ಹೇಳಿ, ಅವ್ವ ಏನೂ ಅನ್ನಲ್ಲ. ಅಜ್ಜೀಗ್ ಮಾತ್ರ ಬ್ಯಾಡ" ಎಂದಳು.

ಮಧ್ಯಾಹ್ನ ಆ ತಾಯಿ ಬಂದರು. ಹಿಪ್ಪುನೇರಳೆ ಸೊಪ್ಪಿನ ಹಸಿರು ಉಗುರಿನ ಸಂದಿಯಲ್ಲಿ ಹಾಗೇ ಇತ್ತು. ಗೇಟಿನ ಆಚೆ ಹೊಂಗೆಮರದ ಕೆಳಗೆ ನಿಂತುಬಿಟ್ಟರು.

"ಒಳೀಕ್ ಬರಲ್ಲ ಮೇಡಂ. ಇಷ್ಟೊಂದ್ ಹೆಣ್ಮಕ್ಳವ್ರೆ, ಯಾರು ಹೊರಗಾಗವ್ರೋ ಏನೋ. ಮನೇಲಿ ಹುಳ ಐತೆ."

ಡಾಕ್ಟರಮ್ಮನೇ ಹೊರಗೆ ಹೋದರು, ಹಿಂದೆ ನಾನು. ಈ ವಯಸ್ಸಿಗೆ ಪದೇಪದೇ ಆ ಮಾತ್ರೆ ಕೊಡಬಾರದು, ರಕ್ತ ಹೋಗುತ್ತಿರುವುದು ಅದರಿಂದಲೇ ಇರಬಹುದು, ದೊಡ್ಡಾಸ್ಪತ್ರೆಯಲ್ಲಿ ತೋರಿಸಲೇಬೇಕು, ಹೀಗೇ ಬಿಟ್ಟರೆ ಹುಡುಗಿಗೆ ಅಪಾಯ ಎಂದು ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ತಾಯಿ ಪೂರ್ತಿ ಕೇಳಿದರು.

"ಗಂಡಸ್ರು ಸೊಪ್ಪು ತಂದಾಕ್ತಾರೆ. ಹಣ್ಣುಳ ಆಯಕ್ಕೆ ಕೈ ಬೇಕಲ್ಲ ಡಾಕ್ಟ್ರಮ್ಮ. ಎಲ್ಲ ಒಟ್ಟಿಗೆ ಹಣ್ಣಾಗ್ಬುಡ್ತವೆ. ನಾನು ಹೊರಗಾದ್ರೆ ಅವ್ಳವ್ಳೆ. ಇಬ್ರೂ ಒಟ್ಟಿಗ್ ಹೊರಗಾದ್ರೆ ಯಾರವ್ರೆ?"

"ಒಂದು ಸಲ ಹಾಗೇ ಒಳಗೆ ಹೋದರೆ ಏನಾಗುತ್ತೆ?" ಎಂದೆ ನಾನು.

"ಏನೂ ಆಗ್ದೆ ಇರ್ಬೋದು. ಏನಾದ್ರೂ ಆದ್ರೆ? ಯಾರ್ ತಲೆ ಮೇಲ್ ಹಾಕ್ತಾರೆ? ನಾನು ಮದ್ವೆಯಾಗಿ ಬಂದ ಹೊಸದ್ರಲ್ಲಿ ಹಾಲುರೋಗ ಬಂದು ತಟ್ಟೆ ತಟ್ಟೆ ಹುಳ ತಿಪ್ಪೆಗ್ ಸುರುದ್ರು. ನಾನು ಹೊರಗಾಗಿದ್ದು ಹೇಳ್ದೆ ಒಳೀಕ್ ಬಂದಿವ್ನಿ ಅಂದ್ಬುಟ್ರು. ನಾನು ಹೋಗೇ ಇರ್ಲಿಲ್ಲ. ಇವತ್ಗೂವೆ ನೆಂಟ್ರು ಬಂದ್ರೆ ನಮ್ಮತ್ತೆ ಅದ್ನ ಹೇಳ್ತದೆ. ನನ್ ಮಗ್ಳಿಗೆ ಆ ಮಾತು ಬರ್ಬಾರ್ದು ಅಂತ್ಲೇ ನಾನು ಮಾತ್ರೆ ತಂದ್ಕೊಟ್ಟಿದ್ದು."

ವಿಜ್ಞಾನದ ಟೀಚರು ಎಂಬ ಹುಮ್ಮಸ್ಸಿನಲ್ಲಿ ನಾನು ಹಾಲುರೋಗ ಬರುವುದು ವೈರಾಣುವಿನಿಂದ, ಮುಟ್ಟಿನಿಂದಲ್ಲ ಎಂದು ಶುರುಮಾಡಿದೆ.

"ನಂಗೊತ್ತಿಲ್ವಾ ಮೇಡಂ? ರೇಷ್ಮೆ ಇಲಾಖೆಯೋರು ಬಂದು ಹೇಳ್ಕೊಟ್ಟವ್ರೆ. ನಮ್ಮತ್ತೇಗೆ ಯಾರ್ ಹೇಳ್ತಾರೆ, ನೀವ್ ಬತ್ತೀರಾ?"

ನಾನು ಹೋಗಲಿಲ್ಲ. ಹೋಗುತ್ತೇನೆ ಎಂದು ಹೇಳಿದ್ದೆ ಎಂದು ಈಗ ಅನಿಸುತ್ತದೆ, ಆದರೆ ಈ ಒಂದು ವಾಕ್ಯವನ್ನು ನನ್ನ ಅನುಕೂಲಕ್ಕಾಗಿ ಆಮೇಲೆ ಸೇರಿಸಿಕೊಂಡಿರಬಹುದು. ತಾಯಿ ಮಗಳನ್ನು ಕರೆದು, ಮುಟ್ಟದೆ, ದೂರದಿಂದಲೇ ಅವಳ ಮುಖವನ್ನು ಬಹಳ ಹೊತ್ತು ನೋಡಿದರು. "ಬಿಳುಚ್ಕೊಂಡವ್ಳೆ" ಎಂದರು. ದಿನವೂ ಜೊತೆಗಿದ್ದ ಮುಖವನ್ನು ಆಗ ಮೊದಲ ಸಲ ಕಂಡವರಂತೆ.

ತಂಡ ಮತ್ತೆ ಬಂದದ್ದು ಕೆಲವು ತಿಂಗಳ ನಂತರ, ಅದೇ ಮಕ್ಕಳನ್ನು ಎರಡನೇ ಸಲ ನೋಡಲು. ಹುಡುಗಿಯ ತುಟಿಗೆ ಬಣ್ಣ ಬಂದಿತ್ತು. ಅಂಕಿ ನೋಡಿ ಡಾಕ್ಟರಮ್ಮ ಅವಳ ಬೆನ್ನು ತಟ್ಟಿದರು. "ಅವ್ವ ಮಾತ್ರೆ ನಿಲ್ಸುಬುಡ್ತು ಮಿಸ್. ಆಸ್ಪತ್ರೆಗೂ ಕರ್ಕೊಂಡೋಗಿತ್ತು. ಈಗ ಆಡ್ಬೋದಂತೆ" ಎಂದು ಅಂಗಳಕ್ಕೆ ಜಿಗಿದಳು. ಇಷ್ಟಕ್ಕೇ ನಿಲ್ಲಿಸಿದ್ದರೆ ಇದೊಂದು ಒಳ್ಳೆಯ ಕಥೆ. ಸುಮಾರು ದಿನ ನಾನೂ ಇಷ್ಟಕ್ಕೇ ನಿಲ್ಲಿಸಿ, ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಆಮೇಲೆ ಒಂದು ದಿನ ಕನಕಪುರದ ಬಸ್ಸಿನಲ್ಲಿ ಆ ತಾಯಿ ನನ್ನ ಪಕ್ಕ ಬಂದು ಕೂತರು. ಮುಖ ಊದಿಕೊಂಡಂತಿತ್ತು. ಬಿಸಿಲಿಗಿರಬೇಕು ಎಂದುಕೊಂಡೆ.

"ಮಗಳು ಚೆನ್ನಾಗಿ ಓಡ್ತಾಳೆ ಈಗ" ಎಂದೆ.

"ಹೂಂ ಮೇಡಂ. ಊಟಾನೂ ಒಸಿ ಜಾಸ್ತಿ ಮಾಡ್ತಾಳೆ."

"ನಿಮ್ಮತ್ತೆ ಒಪ್ಪಿಕೊಂಡ್ರಾ?"

"ಎಲ್ಲೊಪ್ತಾರೆ. ಅವ್ಳದು ಬಂದಾಗ ಅವ್ಳು ಹೊರ್ಗೆ ಕೂತ್ಕಂಡು ಓದ್ಕೋತಾಳೆ. ನಾನು ನುಂಗ್ತೀನಿ."

ಟಿಕೆಟ್ ತೆಗೆದುಕೊಂಡೆ ಎನ್ನುವಷ್ಟು ಸಲೀಸಾಗಿ ಹೇಳಿದರು. ನಾನು ಅವರ ಕಡೆ ತಿರುಗಿದೆ.

"ಒಬ್ರಾದ್ರೂ ಒಳಗಿರ್ಬೇಕಲ್ಲ ಮೇಡಂ."

"ಆಸ್ಪತ್ರೇಲಿ ಡಾಕ್ಟರ್ ಅಷ್ಟು ಹೇಳಿದಾರೆ, ಮತ್ತೆ ನೀವೇ..."

"ಅವ್ಳುಗ್ ಹೇಳಿದ್ದು ಅದು. ನನ್ ಬೆರಳು ಯಾರ್ ಚುಚ್ತಾರೆ?" ಎಂದು ನಕ್ಕರು, ಥೇಟ್ ಮಗಳ ಹಾಗೇ. ಸಾತನೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮೆಡಿಕಲ್ ಸ್ಟೋರಿನ ಕಡೆ ಎರಡು ಹೆಜ್ಜೆ ಹೋದವರು ಕಿಟಕಿಯ ಹತ್ತಿರ ವಾಪಸು ಬಂದರು. "ಅವ್ಳುಗ್ ಹೇಳ್ಬುಟ್ಟೀರಾ. ನನ್ಗೆ ಬ್ಯಾಡ ಅಂತ ಅವ್ಳೇ ಮತ್ತೆ ನುಂಗಕ್ಕೆ ಶುರು ಮಾಡ್ತಾಳೆ."

ನಾನೇನು ಉತ್ತರಿಸಿದೆನೋ ನೆನಪಿಲ್ಲ. ಬಸ್ಸು ಹೊರಟಿತ್ತು.

ಮಾರನೆಯ ದಿನ ಬೆಳಿಗ್ಗೆ, ಮೊಣಕಾಲಿನ ಮಣ್ಣು ಒರೆಸಿಕೊಳ್ಳುತ್ತ ಹುಡುಗಿ ಬಂದಳು.

"ಮಿಸ್, ನೆನ್ನೆ ಬಸ್ಸಲ್ಲಿ ಅವ್ವ ಸಿಕ್ಕಿತ್ತಂತೆ? ಏನಂತು?"

"ಬೆಳೆ ಚೆನ್ನಾಗಿದೆ ಅಂದ್ರು."

ನಾನು ಹೇಳಿದ ಈ ಒಂದು ಸುಳ್ಳು ಮಾತ್ರ ನನಗೆ ಅಕ್ಷರಕ್ಕಕ್ಷರ ನೆನಪಿದೆ. ಹುಡುಗಿ ನನ್ನನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದಳು. "ಅಷ್ಟೇನಾ?" ಎಂದಳು.