ಮೇಷ್ಟ್ರ ಕೊಟ್ಟಿಗೆಯ ಹೆಣೆದ ಗರಿಗಳು

ಆರು ವರ್ಷದಿಂದ ಮುಚ್ಚಿಟ್ಟುಕೊಂಡಿದ್ದ ವಿಷಯವನ್ನು ಇವತ್ತು ಹೇಳಿಬಿಡುತ್ತೇನೆ. ನಾನು ಸ್ಕೂಲ್ ಬಿಟ್ಟದ್ದು ಮಗ್ಗಿ ಬರಲಿಲ್ಲ ಅಂತಲ್ಲ.

ಮಗ್ಗಿ ಚೆನ್ನಾಗಿಯೇ ಬರುತ್ತಿತ್ತು. ಸ್ಕೂಲ್ ತಪ್ಪಿದ್ದು ಒಂದು ವಾಕ್ಯದಿಂದ.

ನಮ್ಮದು ಚೌಳಹಿರಿಯೂರಿನ ಹತ್ತಿರದ ಒಂದು ಹಳ್ಳಿಯ ಸ್ಕೂಲ್. ಗೋಡೆ ಮಣ್ಣಿನದು, ಸೂರು ತೆಂಗಿನ ಗರಿಯದು. ಮಳೆಗಾಲಕ್ಕೆ ಮೊದಲು ಹುಡುಗರು ಮನೆಯಿಂದ ಗರಿ ಹೊತ್ತು ತಂದು, ಕಟ್ಟೆಯ ನೀರಲ್ಲಿ ನೆನೆಹಾಕಿ, ಹೆಣೆದು, ಸೂರಿಗೆ ಹೊದಿಸಬೇಕು.

ಇದಕ್ಕೆ ಯಾರ ತಕರಾರೂ ಇರಲಿಲ್ಲ. ನೆನೆಯುವ ತಲೆ ನಮ್ಮದೇ ತಾನೆ.

ಆದರೆ ಸ್ಕೂಲಿನ ಸೂರು ಮುಗಿದರೂ ಗರಿ ಮುಗಿಯುತ್ತಿರಲಿಲ್ಲ. ಮೊದಲು ಮೇಷ್ಟ್ರ ಮನೆಯ ಜಗುಲಿ, ಆಮೇಲೆ ಅವರ ಕೊಟ್ಟಿಗೆ, ಆಮೇಲೆ ಪಂಚನಹಳ್ಳಿಯಲ್ಲಿದ್ದ ಅವರ ಅಳಿಯನ ಆಲೆಮನೆ... ಭೂಗೋಳವನ್ನು ನಾವು ಕಲಿತದ್ದು ಹೀಗೆ.

ಆ ವರ್ಷ ಕಡೂರಿನಿಂದ ಇನ್ಸ್‌ಪೆಕ್ಟರ್ ಬರುತ್ತಾರೆಂದು ಕಾಗದ ಬಂತು. ಒಂದು ಪದ ಕೊಟ್ಟು ಸ್ವಂತ ವಾಕ್ಯದಲ್ಲಿ ಬಳಸಿ ಎನ್ನುವುದು ಅವರಿಗೆ ಬಲು ಇಷ್ಟವಂತೆ. ಮೇಷ್ಟ್ರು ಹತ್ತು ಪದ ಆರಿಸಿ, ಹತ್ತಕ್ಕೂ ನಮ್ಮ ಸ್ವಂತ ವಾಕ್ಯಗಳನ್ನು ತಾವೇ ಬರೆದು, ನಮಗೆ ಉರು ಹೊಡೆಸಿದರು.

'ಹೆಣೆದ' ಎಂಬ ಪದಕ್ಕೆ ನಮ್ಮ ಅಷ್ಟೂ ಹುಡುಗರ ಸ್ವಂತ ವಾಕ್ಯ ಒಂದೇ: ಬಳ್ಳಿಗಳಿಂದ ಹೆಣೆದ ಮಂಟಪದಲ್ಲಿ ರಾಜಕುಮಾರಿ ಕುಳಿತಿದ್ದಳು.

ಜಟ್ಕಾ ಸಾಬರ ಮಗ ಖಾದರ್ ನನ್ನ ಪಕ್ಕ ಕೂರುತ್ತಿದ್ದ. ಒಂದು ದಿನ ಗರಿ ಸೀಳುತ್ತಾ ಕೇಳಿದ, "ಲೇ, ಆವಮ್ಮಂಗೆ ಅಲ್ಲಿ ಇರುವೆ ಕಚ್ಚಲ್ವೇನೋ?"

"ರಾಜ್ರ ಮನೆ ಇರುವೆ ಕಣೋ. ಅಪ್ಪಣೆ ಇಲ್ದೆ ಕಚ್ಚಲ್ಲ."

ಇನ್ಸ್‌ಪೆಕ್ಟರ್ ಬಂದರು. ಕೋಟು, ರುಮಾಲು, ಎತ್ತಿನ ಗಾಡಿಯಲ್ಲಿ ಕುಲುಕಿ ಕುಲುಕಿ ಹುಳ್ಳಗಾದ ಮುಖ. ಕೇಳಿದ್ದು ಅದೇ ಪದ.

ಒಬ್ಬ ಎದ್ದ, ರಾಜಕುಮಾರಿ ಕುಳಿತಳು. ಇನ್ನೊಬ್ಬ ಎದ್ದ, ಅವಳು ಮತ್ತೆ ಕುಳಿತಳು. ನಾಲ್ಕನೆಯವನ ಹೊತ್ತಿಗೆ ಸಾಹೇಬರು ಪೆನ್ಸಿಲ್ ಕೆಳಗಿಟ್ಟರು. "ಸ್ವಂತದ್ದು ಯಾರಾದ್ರೂ ಹೇಳ್ತೀರೇನಪ್ಪಾ?"

ಹಿಂದಿನ ದಿನ ಗರಿಯ ಅಂಚು ಕೊಯ್ದ ಬೆರಳು ಇನ್ನೂ ಉರಿಯುತ್ತಿತ್ತು. ನಾನು ಎದ್ದೆ.

"ನಮ್ಮ ಮೇಷ್ಟ್ರ ಕೊಟ್ಟಿಗೆಯ ಮೇಲಿರುವ ಹೆಣೆದ ಗರಿಗಳನ್ನು ಪಾಠದ ಹೊತ್ತಿನಲ್ಲಿ ನಾವು ಮಾಡಿಕೊಟ್ಟೆವು."

ಖಾದರ್ ನನ್ನ ಕಾಲು ತುಳಿದ. ತಡವಾಗಿತ್ತು. ಮೇಷ್ಟ್ರು ಹಲಗೆಯ ಕಡೆ ತಿರುಗಿ, ಅಳಿಸಿದ್ದನ್ನೇ ಮತ್ತೆ ಅಳಿಸತೊಡಗಿದರು.

"ವಾಕ್ಯ ಸರಿಯಾಗಿದೆ" ಎಂದರು ಸಾಹೇಬರು. ಎದ್ದು ಬಂದು ಸೂರನ್ನು ಬೆತ್ತದಿಂದ ತಿವಿದು ನೋಡಿದರು. ಇನ್ನೇನು ನ್ಯಾಯ ಬಂತು ಅಂದುಕೊಂಡೆ.

"ಮೇಷ್ಟ್ರೇ, ನಿಮ್ಮ ಹುಡುಗ್ರು ದಿನಕ್ಕೆ ಎಷ್ಟು ಗರಿ ಹೆಣೀತಾರೆ?"

ಮುಂದಿನ ವಾರ ತರೀಕೆರೆಗೆ ದೊಡ್ಡ ಅಧಿಕಾರಿಗಳ ಸವಾರಿ ಇತ್ತು. ಸ್ವಾಗತದ ಚಪ್ಪರದ ಹೊಣೆ ಈ ಸಾಹೇಬರ ತಲೆಯ ಮೇಲೆ ಬಿದ್ದಿತ್ತು. ಮೇಷ್ಟ್ರ ಮುಖಕ್ಕೆ ಜೀವ ಬಂತು. ಕೈಕೆಲಸದ ಶಿಕ್ಷಣ ಬಹು ಉತ್ತಮ ಎಂದು ಸಾಹೇಬರು ರಿಪೋರ್ಟಿನಲ್ಲಿ ಬರೆದರಂತೆ.

ಮಾರನೆಯ ದಿನ ಸ್ಕೂಲಿನ ಅಂಗಳದಲ್ಲಿ ಗರಿಯ ರಾಶಿ. ನಾನು ಕೈ ಕಟ್ಟಿ ನಿಂತೆ.

"ನಾನು ಹೆಣೆಯಲ್ಲ ಸಾ."

"ಹಂಗಾದ್ರೆ ಓದೋದೂ ಬ್ಯಾಡ, ಹೋಗಯ್ಯಾ" ಎಂದರು ಮೇಷ್ಟ್ರು. ಧ್ವನಿ ಏರಿಸಲೂ ಇಲ್ಲ. "ಬರೋ ವರ್ಷ ನಿನ್ ತಮ್ಮ ಸೇರ್ಬೇಕಲ್ವಾ? ಊರ್ ತುಂಬಾ ಮಾತಾಡೋರ ಮನೆ ಹುಡುಗ್ರಿಗೆ ಇಲ್ಲಿ ಜಾಗ ಇಲ್ಲ, ನೆನಪಿರ್ಲಿ."

ಹತ್ತಿರದಲ್ಲಿ ಬೇರೆ ಸ್ಕೂಲ್ ಇರಲಿಲ್ಲ. ನಡೆದದ್ದು ಅವ್ವನಿಗೆ ತಿಳಿದರೆ ಅವಳು ಮೇಷ್ಟ್ರ ಬಾಗಿಲಿಗೇ ಹೋಗಿ ನಿಲ್ಲುವವಳು. ಅಲ್ಲಿಗೆ ತಮ್ಮನ ಓದು ಮುಗಿದ ಹಾಗೆ.

ಮನೆಗೆ ಬಂದು, ಮಗ್ಗಿ ಬರಲಿಲ್ಲ, ಬಿಡಿಸಿದರು ಎಂದೆ.

ಇದ್ದದ್ದನ್ನು ಇದ್ದ ಹಾಗೆ ಹೇಳುವವನು ಎಂದು ನನ್ನ ಬಗ್ಗೆ ನನಗೇ ಜಂಬ. ಅಂಥವನು ಆರು ವರ್ಷ ಸಂತೆಯಲ್ಲಿ, ಮದುವೆ ಮನೆಯಲ್ಲಿ ಇದೇ ಸುಳ್ಳು ಹೇಳಿಕೊಂಡು ತಿರುಗಿದೆ. ಕುರಿ ಕಾಯ್ದೆ, ಗಾಡಿ ಹೊಡೆದೆ, ದಿನಸಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಿದೆ... ಎಲ್ಲೂ ಕಾಲು ನಿಲ್ಲಲಿಲ್ಲ. ನೆಂಟರು ಮಾತ್ರ ಸಿಕ್ಕಲ್ಲೆಲ್ಲ ಏಳರ ಮಗ್ಗಿ ಕೇಳುವುದನ್ನು ಬಿಡಲಿಲ್ಲ.

ಕಳೆದ ವಾರ ತಮ್ಮ ಮೇಷ್ಟ್ರ ಸ್ಕೂಲಿನ ಕೊನೆಯ ತರಗತಿ ಪಾಸಾದ. ಇನ್ನು ಅವನು ತರೀಕೆರೆಯ ದೊಡ್ಡ ಸ್ಕೂಲಿಗೆ. ಮೇಷ್ಟ್ರ ಕೈ ಅಲ್ಲಿಯವರೆಗೆ ಚಾಚುವುದಿಲ್ಲ.

ಇವತ್ತು ಅವ್ವನ ಮುಂದೆ ಕೂತು ಎಲ್ಲ ಹೇಳಿದೆ. ಅವಳು ರಾಗಿ ಬೀಸುವುದನ್ನು ನಿಲ್ಲಿಸಲಿಲ್ಲ.

"ನಿದ್ದೇಲೂ ಹದಿನಾರ್ರ ಮಗ್ಗಿ ಒದರ್ತಿದ್ದೋನು ನೀನು. ನಂಗೊತ್ತಿರ್ಲಿಲ್ವೇನ್ಲಾ?"

"ಮತ್ಯಾಕವ್ವಾ ಕೇಳ್ಲಿಲ್ಲ?"

"ನೀನು ಬಾಯ್ ಮುಚ್ಕಂಡಿದ್ದು ಅದೇ ಮೊದ್ಲು. ಏನೋ ಕಾರಣ ಇರ್ಬೇಕು ಅಂತ ನಾನೂ ಸುಮ್ಕಾದೆ."

ಬೀಸುವ ಕಲ್ಲು ಒಂದೆರಡು ಸುತ್ತು ತಿರುಗಿತು. ಹಿಡಿಯ ಮೇಲೆ ಅವಳ ಕೈ ಪಕ್ಕ ನನ್ನ ಕೈಯನ್ನೂ ಇಟ್ಟೆ.

ಖಾದರ್ ಈಗ ಅಜ್ಜಂಪುರ ಸ್ಟೇಷನ್ನಿನ ಮುಂದೆ ಜಟ್ಕಾ ಹೊಡೆಯುತ್ತಾನೆ. ಅವನ ಗಾಡಿ ಹತ್ತಿದ ಮೈಸೂರಿನ ಚಪ್ಪರದ ಕಂಟ್ರಾಕ್ಟರ್ ಒಬ್ಬರಿಗೆ ನನ್ನನ್ನು ತೋರಿಸಿದ. ಏನು ಬರುತ್ತದೆ ಎಂದು ಅವರು ಕೇಳಿದರು. ಗರಿ ಹೆಣೆಯುವುದು ಎಂದೆ. ಎಲ್ಲಿ ಕಲಿತೆ ಎಂದರು.

ಸ್ಕೂಲಿನಲ್ಲಿ ಎಂದೆ. ತಮಾಷೆ ಅಂದುಕೊಂಡು ನಕ್ಕರು... ಆದರೂ ಬಾ ಎಂದಿದ್ದಾರೆ.

ನಾಳೆ ಬೆಳಗಿನ ರೈಲಿಗೆ ಅಜ್ಜಂಪುರದಿಂದ ಹೊರಡುತ್ತೇನೆ.