ಪೆರಂಬೂರಿನಲ್ಲಿ ನನಗೆ ಬಿಸಿಲು ಹೊಡೆದದ್ದು

ಬೆಳಗ್ಗೆ ಎಂಟರ ಬಿಸಿಲು ಕಿಟಕಿಯಿಂದ ನೇರ ಕಣ್ಣಿಗೆ ಬಿತ್ತು. ಎದ್ದು ಕೂತವನು ಮಾಡಿದ ಮೊದಲ ಕೆಲಸ, ಸುಳ್ಳು ಹೇಳಿದ್ದು.

“ಯಾಕೋ ತಲೆ ಸಿಡೀತಿದೆ. ನಿನ್ನೆ ಬಿಸಿಲು ಹೊಡೆದಿದೆ ಅನ್ಸುತ್ತೆ.”

ಎರಡು ವರ್ಷದ ನಂತರ ಸಿಕ್ಕಿದ ರಜೆ. ನಾನು ಮತ್ತು ಹೆಂಡತಿ ಶೋಭಾ ಚೆನ್ನೈಗೆ ಬಂದು, ಪೆರಂಬೂರಿನಲ್ಲಿರುವ ಅವಳ ಅಕ್ಕನ ಮನೆಯಲ್ಲಿ ಇಳಿದಿದ್ದೆವು. ಹಿಂದಿನ ಸಂಜೆ ಎಗ್ಮೋರಿನ ಹೋಟೆಲೊಂದರಲ್ಲಿ ತಂಗಿದ್ದ ಕಾಲೇಜು ಗೆಳೆಯನ ಜೊತೆ ಕಾಫಿ ಕುಡಿಯಲು ಹೋಗಿದ್ದೆ. (ಕಾಫಿ ಕುಡಿದದ್ದು ನಿಜ. ಮೊದಲ ಹತ್ತು ನಿಮಿಷ.)

ಐವತ್ತೆರಡು ವರ್ಷದ ಗಂಡಸಿಗೆ ಇಷ್ಟು ಭಯ ಯಾಕೆ? ಯಾಕೆಂದರೆ ಆ ಮನೆಯಲ್ಲಿ ಪದ್ಮಮ್ಮ ಇದ್ದರು. ನನ್ನ ಷಡ್ಡಕ ರಾಘಣ್ಣನ ತಾಯಿ. ಎಂಬತ್ತು ದಾಟಿದವರು. ಈರುಳ್ಳಿಯನ್ನೇ ದುಶ್ಚಟವೆಂದು ನಂಬಿದವರು.

ರಾಘಣ್ಣನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು. “ಚಿತ್ತಪ್ಪಾ, ನೀಂಗ ಸಾಯಂಕಾಲಂದಾನೇ ಪೋನೀಂಗ?” ಎಂದಳು. ಹೋಗಿದ್ದು ಸಂಜೆ ಅಲ್ಲವಾ, ಬಿಸಿಲು ಎಲ್ಲಿಂದ ಬಂತು ಎಂದು ಅರ್ಥ. ಈಗಿನ ಸ್ಕೂಲುಗಳಲ್ಲಿ ಮಕ್ಕಳಿಗೆ ಅತಿಯಾಗಿ ಯೋಚಿಸಲು ಕಲಿಸುತ್ತಾರೆ.

ಅಂದು ಎಲ್ಲರೂ ಸೇರಿ ಟಿ. ನಗರಕ್ಕೆ ಶಾಪಿಂಗಿಗೆ ಹೋಗುವುದಿತ್ತು. “ನೀವು ಮಲ್ಕೊಳ್ಳಿ” ಎಂದಳು ಶೋಭಾ. ಆ ದನಿ ಕೇಳಿದರೆ ಬಿಸಿಲೇ ವಾಸಿ. ಎಲ್ಲರೂ ಹೊರಟರು. ಮನೆಯಲ್ಲಿ ಉಳಿದದ್ದು ನಾನು ಮತ್ತು ಪದ್ಮಮ್ಮ.

ಅವರು ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದರು. ಶುಂಠಿ, ಉಪ್ಪು, ನಿಂಬೆರಸ. ಕುಡಿದೆ. ಇನ್ನೊಂದು ತಂದರು. ಅದನ್ನೂ ಕುಡಿದೆ. ಎದುರಿನ ಕುರ್ಚಿಯಲ್ಲಿ ಕೂತು ಕೇಳಿದರು:

“ಎಷ್ಟು ಕುಡಿದ್ರಿ?”

“ಎರಡು ಲೋಟ ಅಮ್ಮಾ.”

“ಅದು ನಾನೇ ಕೊಟ್ಟಿದ್ದಲ್ವಾ, ಗೊತ್ತು. ನಿನ್ನೇದು ಕೇಳ್ದೆ.”

ಫ್ಯಾನು ತಿರುಗುತ್ತಿತ್ತು. ನಾನು ಅದನ್ನೇ ನೋಡಿದೆ.

“ನಾಚ್ಕೊಬೇಡಿ” ಎಂದರು. “ನಮ್ಮ ಯಜಮಾನ್ರಿಗೆ ಪ್ರತಿ ಭಾನುವಾರ ಹೀಗೇ ಆಗೋದು. ಮೂವತ್ತು ವರ್ಷ ಇದೇ ಮಜ್ಜಿಗೆ ಕಡ್ದಿದೀನಿ. ಮಕ್ಕಳು ಕೇಳಿದ್ರೆ ಅಪ್ಪಂಗೆ ಮೈಗ್ರೇನು ಅಂತಿದ್ದೆ.”

“ರಾಘಣ್ಣಂಗೆ ಗೊತ್ತಾಗ್ಲಿಲ್ವಾ?”

“ಇವತ್ತಿಗೂ ಗೊತ್ತಿಲ್ಲ. ಅದು ವಂಶದಲ್ಲಿ ಬರೋ ಕಾಯಿಲೆ, ತನಗೂ ಬರುತ್ತೆ ಅಂತ ವರ್ಷಕ್ಕೊಂದ್ಸಲ ಡಾಕ್ಟ್ರ ಹತ್ರ ಹೋಗ್ತಾನೆ.”

ನಕ್ಕೆ. ನಕ್ಕಿದ್ದಕ್ಕೆ ತಲೆ ಇನ್ನಷ್ಟು ಸಿಡಿಯಿತು. ಪದ್ಮಮ್ಮನೂ ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಯಾರ ಹತ್ರಾನೂ ಹೇಳಿರ್ಲಿಲ್ಲ” ಎಂದರು. ಅದು ನಗುವಿನ ನೀರೋ ಬೇರೆಯದೋ, ನಾನು ಕೇಳಲಿಲ್ಲ.

ಮಧ್ಯಾಹ್ನ ಎಲ್ಲರೂ ವಾಪಸ್ಸು ಬಂದರು. ರಾಘಣ್ಣ ಪಕ್ಕ ಕೂತು ನನ್ನ ಹಣೆ ಮುಟ್ಟಿ ನೋಡಿದ. “ನಮ್ಮಪ್ಪನೂ ಪಾಪ ಹೀಗೇ ಒದ್ದಾಡ್ತಿದ್ರು. ಒಂದಿನ ಬಾಯ್ಬಿಟ್ಟು ನೋವು ಅಂದವರಲ್ಲ.”

ಪದ್ಮಮ್ಮ ಮಲ್ಲಿಗೆ ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ. “ಹೌದಪ್ಪ, ಭಾಳ ಸಹನೆ” ಎಂದರು.

ನಿಜ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ರಾಘಣ್ಣನ ಡಾಕ್ಟರ್ ಖರ್ಚು ಉಳಿಯುತ್ತಿತ್ತು, ಆದರೆ ಅವನು ನಂಬಿದ್ದ ಅಪ್ಪ ಇಲ್ಲವಾಗುತ್ತಿದ್ದ. ನುಂಗಿಕೊಂಡೆ.

ಸಂಜೆ ಬೀಚಿನಲ್ಲಿ ಶೋಭಾ ಮುಂದೆ ನನ್ನ ತಪ್ಪನ್ನಷ್ಟೇ ಒಪ್ಪಿಕೊಂಡೆ. ಪದ್ಮಮ್ಮನ ಸುದ್ದಿ ಎತ್ತಲಿಲ್ಲ.

“ಬೆಳಗ್ಗೇನೇ ಗೊತ್ತಾಯ್ತು” ಎಂದಳು, ಸಮುದ್ರ ನೋಡುತ್ತಾ. “ಅಕ್ಕ ಬಿಡದೆ ಕೇಳ್ತಿದ್ಲು. ನಿಮಗೆ ಬಿಪಿ ಇದೆ ಅಂದ್ಬಿಟ್ಟೆ. ಯಾರಾದ್ರೂ ಕೇಳಿದ್ರೆ ಹೌದು ಅನ್ನಿ.”

ನನಗೆ ಬಿಪಿ ಇಲ್ಲ. ಇನ್ನು ಮೇಲೆ ಇದೆ.

ಅಂದ ಹಾಗೆ, ನಿಮ್ಮ ಅಪ್ಪನಿಗೆ ಏನು ಕಾಯಿಲೆಯಿತ್ತು?